ರಾಗಿಯ ಪಾಠವೂ ಸರಸ್ವತಮ್ಮನ ಗಂಟೆಯೂ

ಸರಸ್ವತಮ್ಮನಿಗೆ ಸವತಿ ಮತ್ಸರ ಎಂದರೇನೆಂದು ಗೊತ್ತಾಗಿದ್ದು ಅರವತ್ತು ಸಮೀಪಿಸಿದ ಮೇಲೆ. ಅದೂ ತಲೆಕೆಳಗಾಗಿ. ಗಂಡನನ್ನು ಯಾರೂ ಕಸಿದುಕೊಂಡಿರಲಿಲ್ಲ. ಗಂಡನೇ ಅವರ ನಾಯಿಯನ್ನು ಕಸಿದುಕೊಂಡಿದ್ದರು.

ರಾಗಿ ಗ್ರೇಟ್ ಡೇನ್ ಜಾತಿಯ ಹೆಣ್ಣುನಾಯಿ. ನಿಂತರೆ ಊಟದ ಮೇಜಿನ ಮೇಲಿನ ತಟ್ಟೆ ಸಲೀಸಾಗಿ ಮೂತಿಗೆ ಸಿಗುವಷ್ಟು ಎತ್ತರ. ಸ್ವಭಾವ ಮಾತ್ರ ಹಸುವಿನದು. ಮರಿಯನ್ನು ಮುಂಬಯಿಯ ಆಂಟಾಪ್ ಹಿಲ್‌ನ ಮನೆಗೆ ತಂದವಳು ಮಗಳು ತನುಶ್ರೀ. ತಂದವಳು ವರ್ಷ ತುಂಬುವುದರೊಳಗೆ ಮದುವೆಯಾಗಿ ಠಾಣೆ ನಗರದ ಗಂಡನ ಮನೆಗೆ ಹೋದಳು. ಸಾಕಿದ್ದು, ತಿದ್ದಿದ್ದು ಎಲ್ಲ ಸರಸ್ವತಮ್ಮ. ಇಂಥ ನಾಯಿ ಮರಿಯಾಗಿದ್ದಾಗ ಮೈಮೇಲೆ ಹಾರಿದರೆ ಮುದ್ದು, ಬೆಳೆದ ಮೇಲೆ ಹಾರಿದರೆ ಆಸ್ಪತ್ರೆ. ಅದಕ್ಕೇ ಅದು ಹಾರಿದಾಗಲೆಲ್ಲ ಬೆನ್ನು ತಿರುಗಿಸಿ ನಿಂತು, ನಾಲ್ಕೂ ಕಾಲು ನೆಲಕ್ಕೂರಿದ ಮೇಲಷ್ಟೇ ತಲೆ ಸವರಿ ಬುದ್ಧಿ ಕಲಿಸಿದ್ದರು.

ಅಷ್ಟರಲ್ಲಿ ಗಂಡ ಕೇಶವಮೂರ್ತಿಗಳು ಬಾಂದ್ರಾದ ಆಫೀಸಿನಿಂದ ನಿವೃತ್ತರಾದರು. ಮೊಬೈಲಿನಲ್ಲಿ ನಾಯಿ ಪಳಗಿಸುವ ವಿಡಿಯೊ ನೋಡಿ ನೋಡಿ ತಾವೇ ಗುರುಗಳಾಗಿಬಿಟ್ಟರು. ದಿನಾ ಸಂಜೆ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಪಾಠ. ಪಾಠ ಮುಗಿದೊಡನೆ ರಾಗಿ ತನ್ನ ಅಷ್ಟೂ ಭಾರವನ್ನು ಅವರ ಕಾಲಿಗೆ ಆನಿಸಿ ಕಣ್ಣು ಮುಚ್ಚುತ್ತಿತ್ತು. ಹಾಗೆ ಅದು ಒರಗುತ್ತಿದ್ದುದು ಅದುವರೆಗೆ ಸರಸ್ವತಮ್ಮನಿಗೆ ಮಾತ್ರ. ಮೂರನೇ ಮಹಡಿಯ ಬಾಲ್ಕನಿಯಿಂದ ನೋಡುತ್ತಿದ್ದವರ ಹೊಟ್ಟೆ ಧಗಧಗ ಉರಿಯಿತು.

ಹೊಟ್ಟೆಯುರಿಗೆ ಉಪಾಯ ಬೇಗ ಹೊಳೆಯುತ್ತದೆ. ಸಂಜೆ ದೀಪ ಹಚ್ಚಿ, ಮಂಗಳಾರತಿಗೆ ಗಂಟೆ ಬಾರಿಸಿದರೆ ರಾಗಿಗೆ ನೈವೇದ್ಯದ ಬಾಳೆಹಣ್ಣಿನ ಚೂರು ಸಿಗುವುದು ಮೊದಲಿನಿಂದ ಇದ್ದ ರೂಢಿ. ಸರಸ್ವತಮ್ಮ ಆ ದೀಪದ ಹೊತ್ತನ್ನೇ ಪಾಠದ ಹೊತ್ತಿಗೆ ತಂದರು. ಕೆಳಗೆ ಕೇಶವಮೂರ್ತಿಗಳು ಅಂಗೈ ತೋರಿಸಿ "ಇಲ್ಲೇ ಇರು" ಎನ್ನುವುದೇ ತಡ, ಮೇಲೆ ಗಣಗಣ. ರಾಗಿ ಮೆಟ್ಟಿಲು ಹತ್ತಿ ಓಡಿ ಬರುತ್ತಿತ್ತು. ಹಿಂದೆಯೇ ಏದುಸಿರು ಬಿಡುತ್ತ ಗುರುಗಳು.

"ಏನೇ ಇದು, ಇನ್ನೂ ಬಿಸಿಲಿದೆ, ಆಗ್ಲೇ ದೀಪಾನಾ?"

"ದೇವರಿಗೆ ದೀಪ ಹಚ್ಚೋಕೂ ನಿಮ್ಮನ್ನ ಕೇಳ್ಬೇಕಾ?"

ಕೇಶವಮೂರ್ತಿಗಳು ರಾಗಿಯ ಕೊರಳಪಟ್ಟಿ ಹಿಡಿದು ಮತ್ತೆ ಮೆಟ್ಟಿಲಿಳಿದರು.

ಒಂದು ಸಂಜೆ ರಾಗಿ ಹಾಗೆ ಓಡಿ ಬರುವಾಗ, ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಕೆಳಮನೆಯ ಹಿರಿಯ ಹೆಂಗಸು ಶಿಂದೆ ಕಾಕೂ ಬೆದರಿ ಬಿದ್ದು ಕೈ ಉಳುಕಿಸಿಕೊಂಡರು. ಸೊಸೈಟಿಯ ಸೆಕ್ರೆಟರಿ ಮನೆ ಬಾಗಿಲಿಗೇ ಬಂದ. "ಮೂರ್ತಿಜಿ, ಸಂಡೇ ಶಾಮ್ ಸಬ್‌ಕೇ ಸಾಮ್ನೇ ದಿಖಾವೋ, ಕುತ್ತಾ ಆಪ್‌ಕೀ ಬಾತ್ ಸುನ್‌ತಾ ಹೈ ಕಿ ನಹೀಂ." ಭಾನುವಾರ ಸಂಜೆ ಎಲ್ಲರೆದುರು ಹೇಳಿದಂತೆ ಕೂತರೆ ರಾಗಿ ಉಳಿಯುತ್ತದೆ, ಎದ್ದು ಓಡಿದರೆ ಬೇರೆಲ್ಲಿಗಾದರೂ ಕಳಿಸಲೇಬೇಕು.

ಆತ ಹೋದ ಮೇಲೆ ಕೇಶವಮೂರ್ತಿಗಳು ಕುರ್ಚಿಯಲ್ಲಿ ಕುಸಿದರು. "ತಪ್ಪು ನಂದೇ ಕಣೇ. ನಾನು ಸರಿಯಾಗಿ ಕಲಿಸ್ಲಿಲ್ಲ."

ಓಡಿಸಿದ್ದು ತನ್ನ ಗಂಟೆಯೇ ಎಂದು ಸರಸ್ವತಮ್ಮನಿಗೆ ಗೊತ್ತಿತ್ತು. ನಾಚಿಕೆಯೇನೋ ಆಯಿತು. ಆದರೆ ತಾನು ಸಾಕಿದ ನಾಯಿಯ ತಪ್ಪಿಗೂ ಇವರೇ ವಾರಸುದಾರರಾದರಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು.

ಭಾನುವಾರ ಸಂಜೆ ಅವರು ದೀಪ ಹಚ್ಚಲಿಲ್ಲ. ಪಕ್ಕದ ಮನೆಯ ಯಕ್ಷಿತಾ ನೋಡಲು ಬಂದು ಬಾಲ್ಕನಿಯಲ್ಲಿ ಜೊತೆಗೆ ನಿಂತಳು. ಕೆಳಗೆ ಅರ್ಧ ಬಿಲ್ಡಿಂಗೇ ನೆರೆದಿತ್ತು. ಕೇಶವಮೂರ್ತಿಗಳು "ಇಲ್ಲೇ ಇರು" ಎಂದು ಗೇಟಿನವರೆಗೂ ನಡೆದು ಹೋದರು. ಮಕ್ಕಳ ಚೆಂಡು ರಾಗಿಯ ಮೂಗಿನ ಮುಂದೆಯೇ ಉರುಳಿಹೋಯಿತು. ಅದು ಅಲುಗಲಿಲ್ಲ.

ಅಲುಗಬೇಡ ನನ್ನಮ್ಮ ಎಂದು ಸರಸ್ವತಮ್ಮ ಬೇಡಿಕೊಳ್ಳುತ್ತಿದ್ದರು. ಜೊತೆಗೇ, ಒಂದು ಸಲ ಮೇಲೆ ನೋಡಬಾರದೇ ಎಂದೂ. ಅದು ನೋಡಲಿಲ್ಲ. "ಬಾ" ಎಂದದ್ದೇ ನೇರ ಗಂಡನ ಬಳಿ ಹೋಗಿ ಕಾಲಿಗೆ ಒರಗಿತು. ಚಪ್ಪಾಳೆ ಬಿತ್ತು.

"ಆಂಟಿ, ಅಂಕಲ್ ಏನ್ ಟ್ರೇನಿಂಗ್ ಕೊಟ್ಟಿದ್ದಾರೆ, ಕಮಾಲ್!" ಎಂದಳು ಯಕ್ಷಿತಾ. "ನಿಮ್ದು ಮಾತು ಕೂಡ ಕೇಳ್ತದಾ ಅದು?"

ಗಂಟೆ ದೇವರ ಗೂಡಿನಲ್ಲೇ ಇತ್ತು. ಒಮ್ಮೆ ಅಲ್ಲಾಡಿಸಿದರೆ ಸಾಕು, ಆ ನಾಯಿ ಯಾರದೆಂದು ಇಡೀ ಬಿಲ್ಡಿಂಗಿಗೆ ಗೊತ್ತಾಗುತ್ತಿತ್ತು. ಸೆಕ್ರೆಟರಿ ಇನ್ನೂ ಕೆಳಗೇ ನಿಂತಿದ್ದ. ಸರಸ್ವತಮ್ಮ ಬಾಲ್ಕನಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡರು.

"ಇಲ್ಲಮ್ಮ," ಎಂದರು. "ಅವರ ಮಾತು ಬಿಟ್ರೆ ಅದು ಇನ್ಯಾರ ಮಾತೂ ಕೇಳಲ್ಲ."