ಬಿಡ್ತು ಅನ್ನದೆ ಕೇಳುವ ಪ್ರಶ್ನೆ

ನಮ್ಮ ಟ್ರಸ್ಟಿನ ಕಾರ್ಯದರ್ಶಿ ನಾನು. ಈ ಹುದ್ದೆ ಸಿಕ್ಕಿದ್ದು ಯೋಗ್ಯತೆಯಿಂದಲ್ಲ, ಮನೆಯಲ್ಲಿ ಬೇರೆ ಯಾರಿಗೂ ಕನ್ನಡದಲ್ಲಿ ಟೈಪ್ ಮಾಡಲು ಬಾರದ್ದರಿಂದ. ನನಗೆ ಬರುತ್ತದೆ ಎನ್ನುವುದೂ ಸ್ವಲ್ಪ ಹೆಚ್ಚಿನ ಮಾತೇ. ತೋರುಬೆರಳೊಂದರಲ್ಲೇ ಕುಟ್ಟುತ್ತೇನೆ, ಒತ್ತಕ್ಷರ ಬಂದರೆ ಉಸಿರು ಬಿಗಿಹಿಡಿಯುತ್ತೇನೆ.

ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ಮೀಸೆ ನರೆಯಲು ಶುರುವಾದ ಮೇಲೆ. ಅಕ್ಕನ ಮಗನೂ ನಾನೂ ಒಂದೇ ವರ್ಷ ಪರೀಕ್ಷೆಗೆ ಕೂತಿದ್ದೆವು, ಅವನು ಶಾಲೆಯಿಂದ, ನಾನು ಖಾಸಗಿಯಾಗಿ. ಅವನು ಒಳ್ಳೆಯ ಅಂಕ ತೆಗೆದ. ನಾನು ಗಣಿತವನ್ನು ಮತ್ತೆ ಬರೆದೆ. ಅದಕ್ಕೆ ಪಾಠ ಹೇಳಿಕೊಟ್ಟವನೂ ಅವನೇ. "ಮಾಮ, ನಿಂಗೊಂದ್ಸಲ ಅರ್ಥ ಆಗೋವಷ್ಟ್ರಲ್ಲಿ ನಂಗೆ ಎರಡ್ ಸಲ ಅರ್ಥ ಆಗ್ತದೆ" ಎನ್ನುತ್ತಿದ್ದ.

ಆ ಹುಡುಗ ಡಿಗ್ರಿ ಓದುವಾಗ ತನ್ನ ಪ್ರಾಣ ತಾನೇ ಕಳೆದುಕೊಂಡ. ಯಾಕೆ ಎಂಬುದು ನಮಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಕೆಲವು ಕಾಲದ ಮೇಲೆ ಭಾವ, ಅಂದರೆ ಅವನ ಅಪ್ಪ, ಅವನ ಹೆಸರಿನಲ್ಲಿ ಟ್ರಸ್ಟ್ ಮಾಡಿದರು. ಭಾವನದು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ. ಪ್ರತಿ ಸುಗ್ಗಿ ಮುಗಿದ ಮೇಲೆ ಕಮಿಷನ್ನಿನಲ್ಲಿ ಒಂದು ಪಾಲು ಬೆಂಗಳೂರಿನ ಡಾಕ್ಟರ್ ಮೇಡಂ ಒಬ್ಬರ ತಂಡಕ್ಕೆ ಹೋಗುತ್ತದೆ. ಆತ್ಮಹತ್ಯೆ ತಡೆಯುವುದು ಹೇಗೆ ಎಂದು ಅವರು ನಮ್ಮ ಕಡೆಯ ಹಳ್ಳಿಗಳಲ್ಲಿ ಸಂಶೋಧನೆ ಮಾಡುತ್ತಿದ್ದಾರೆ. ಅನ್ನದಾನ ಮಾಡಿಸು, ಬಸ್ ಸ್ಟಾಪಿನಲ್ಲಿ ಕಲ್ಲು ಬೆಂಚು ಹಾಕಿಸು ಎಂದು ನೆಂಟರು ಹೇಳಿದರು. ಭಾವ ಕೇಳಲಿಲ್ಲ.

ಭಾವನಿಗೆ ನನ್ನನ್ನು ಆಡಿಕೊಳ್ಳುವುದೆಂದರೆ ಟೀ ಕುಡಿದಷ್ಟು ಸಲೀಸು. ನಾನು ಮಂಡಿಯ ಮೂಲೆಯಲ್ಲಿ ಪತ್ರ ಟೈಪ್ ಮಾಡುತ್ತಿದ್ದರೆ ಹಮಾಲಿಗಳ ಮುಂದೆಯೇ ಶುರು. "ಏಮ್ರಾ ಸೆಕ್ರೆಟ್ರಿ, ನೀನೊಂದ್ ಲೆಟ್ರು ಹೊಡೆಯೋವಷ್ಟ್ರಲ್ಲಿ ಒಂದ್ ಲೋಡು ತೋತಾಪುರಿ ಹಣ್ಣಾಗೋಯ್ತದೆ ಕಣೋ!"

ನಾನು ಹಲ್ಲು ಕಿರಿದು, ಕಾಣದ ಅಕ್ಷರ ಹುಡುಕುತ್ತಿದ್ದೆ.

ಈ ಸಲ ಸುಗ್ಗಿಗೆ ಮುಂಚೆ ಮೇಡಂ ತಾಯಲೂರಿನಲ್ಲಿ ತರಬೇತಿ ಇಟ್ಟರು. ಕ್ಷೌರದವರು, ಡೇರಿಯವರು, ಅಂಗಡಿಯವರು, ಹೀಗೆ ದಿನವೂ ನಾಲ್ಕು ಜನರ ಮುಖ ನೋಡುವವರಿಗೆ. ಮನಸ್ಸು ಕುಸಿದವರನ್ನು ಗುರುತಿಸಿ ನೇರವಾಗಿ ಕೇಳುವುದನ್ನು ಇಂಥವರಿಗೆ ಕಲಿಸಿದರೆ ಜನ ಆಸ್ಪತ್ರೆಗೆ ಬರುತ್ತಾರೆಯೇ ಎಂದು ನೋಡುವುದು ಅವರ ಉದ್ದೇಶ. ಪಾಠದ ಹಾಳೆ ಟೈಪ್ ಮಾಡುವ ಕೆಲಸ ನನ್ನದು.

ಅದರಲ್ಲಿ ಮುಖ್ಯ ಪ್ರಶ್ನೆ, ನಿಮಗೆ ಸಾಯಬೇಕು ಅನ್ನಿಸುತ್ತಿದೆಯಾ ಎಂಬುದು. ನಮ್ಮ ಮನೆಗಳಲ್ಲಿ ಅಂಥ ಮಾತು ಬಾಯಿಂದ ಜಾರಿದರೆ ಸಾಕು, ಹಿರಿಯರು "ಬಿಡ್ತು ಅನ್ನು" ಎಂದು ಗದರುತ್ತಾರೆ. ಅಂದುಬಿಟ್ಟರೆ ಆಡಿದ ಅಶುಭ ರದ್ದಾದ ಹಾಗೆ. ಹುಟ್ಟಿನಿಂದ ಬಂದ ಈ ಅಭ್ಯಾಸ ನನ್ನ ಬೆರಳಿಗೂ ಇಳಿದಿತ್ತು. ನಾನು ಟೈಪ್ ಮಾಡಿದ್ದು ಹೀಗೆ: "ನಿಮಗೆ ಸಾಯಬೇಕು ಅನ್ನಿಸುತ್ತಿದೆಯಾ, ಬಿಡ್ತು ಬಿಡ್ತು?" ಅದೇ ಜೆರಾಕ್ಸ್ ಆಗಿ ಎಲ್ಲರ ಕೈಗೂ ಹೋಯಿತು.

ಕ್ಷೌರದವರೊಬ್ಬರು ಅದನ್ನು ಗಟ್ಟಿಯಾಗಿ ಓದಿದರು. ಯಾರೂ ನಗಲಿಲ್ಲ. ಯಾರಿಗೂ ಅದು ತಪ್ಪು ಅನ್ನಿಸಲೇ ಇಲ್ಲ. ಮೇಡಂ ಮಾತ್ರ ನನ್ನ ಕಡೆ ತಿರುಗಿದರು.

"ಸರ್, ಏನಿದು?"

"ಹಂಗೇ ಬಿಟ್ರೆ ಒಳ್ಳೇದಲ್ಲ ಮೇಡಂ. ಅದಕ್ಕೆ…"

"ನೀವೇ ಬಾಗಿಲು ತಟ್ಟಿ, ಒಳಗಿರೋರು ಏಳೋ ಮುಂಚೆ ನೀವೇ ಚಿಲಕ ಹಾಕಿದ್ರೆ ಹೇಗೆ? 'ಬಿಡ್ತು' ಅಂದ್ಮೇಲೆ ಯಾರು 'ಹೌದು' ಅಂತಾರೆ? ಕೇಳಿದ್ರೆ ಆ ಯೋಚನೆ ಹೊಸದಾಗಿ ಹುಟ್ಟಲ್ಲ ಸರ್. ಒಳಗಿರೋದನ್ನ ಹೇಳ್ಕೊಳೋಕೆ ಒಂದು ಜಾಗ ಸಿಗುತ್ತೆ."

"ಬಾಯಿ ತಾನಾಗೇ ಅಂತದಲ್ಲ ಮೇಡಂ, ಏನ್ ಮಾಡೋದು?" ಎಂದರು ಡೇರಿಯ ಹೆಂಗಸು.

"ನಾಲಿಗೆ ಕಚ್ಕೊಳ್ಳಿ."

ಎಲ್ಲರೂ ಪೆನ್ನು ತೆಗೆದು ಆ ಎರಡು ಪದ ಹೊಡೆದು ಹಾಕಿದರು. ಜೋಡಿಯಾಗಿ ಕೂತು ಅಭ್ಯಾಸ ಮಾಡಿದೆವು. ನಾನು ಕ್ಷೌರದವರನ್ನು ಸರಿಯಾಗಿಯೇ ಕೇಳಿದೆ. ಕೇಳಿದ ಮೇಲೆ ಮಾತ್ರ ಗೋಡೆಯ ಕಡೆ ತಿರುಗಿ ಮೆಲ್ಲಗೆ 'ಬಿಡ್ತು' ಅಂದುಬಿಟ್ಟೆ.

"ಏನ್ ಸಾರ್, ಗೋಡೆಗೆ ಏನೋ ಹೇಳಿದ್ರಿ?"

"ಕೆಮ್ಮು" ಎಂದೆ.

ಊಟಕ್ಕೆ ಮುಂಚಿನ ಪಾಠ, ಎದುರಿನವರು ಹೌದು ಎಂದರೆ ಮುಂದೇನು ಎಂಬುದು; ಅದು ಹಾಳೆಯಲ್ಲಿರಲಿಲ್ಲ, ಮೇಡಂ ಬಾಯಲ್ಲೇ ಹೇಳಿದ್ದು. ಆಗ ನಾನು ಒಳಗಿರಲಿಲ್ಲ. ಚಿತ್ರಾನ್ನ ಬಂತೋ ಇಲ್ಲವೋ ನೋಡಲು ಹೊರಗೆ ಹೋಗಿದ್ದೆ. ಕಾರ್ಯದರ್ಶಿ ಅಲ್ಲವೇ.

ಸುಗ್ಗಿ ಮುಗಿಯಿತು. ತರಬೇತಿಯ ವರದಿ ಟೈಪ್ ಮಾಡಿಕೊಂಡು ಭಾವನ ಹತ್ತಿರ ಹೋದೆ. ಅದರಲ್ಲಿ ಟ್ರಸ್ಟಿನ ಹೆಸರನ್ನೇ ತಪ್ಪು ಬರೆದಿದ್ದೆ. ಬೇರೆ ದಿನವಾಗಿದ್ದರೆ ಅದೊಂದರಲ್ಲೇ ಇಡೀ ಮಂಡಿಗೆ ಸಂಜೆಯವರೆಗೆ ನಗಲು ಸಾಕಾಗುತ್ತಿತ್ತು. ಭಾವ ಓದಿ, ಮಡಚಿ, "ಸರಿ ಬಿಡು" ಎಂದರು. ಆಮೇಲೆ, "ಇನ್ಮೇಲೆ ಟ್ರಸ್ಟು ನೀನೇ ನೋಡ್ಕೊ. ಬ್ಯಾಂಕಿಗೂ ನಿನ್ ಸೈನೇ ಮಾಡ್ಸೋಣ" ಎಂದರು.

ನನಗೆ ಖುಷಿಯೋ ಖುಷಿ. ಭಾವ ಕೊನೆಗೂ ನನ್ನನ್ನು ಮನುಷ್ಯ ಎಂದು ಒಪ್ಪಿದರಲ್ಲ! ವಿಸಿಟಿಂಗ್ ಕಾರ್ಡ್ ಮಾಡಿಸಲು ಆಗಲೇ ಮುಳಬಾಗಿಲಿನ ಬಸ್ ಹತ್ತಿದೆ. ಕಿಟಕಿ ಪಕ್ಕ ಕೂತು, ಹೆಸರಿನ ಕೆಳಗೆ 'ಅಧ್ಯಕ್ಷರು' ಎಂದು ಹಾಕಿಸುವುದೋ 'ಗೌರವ ಅಧ್ಯಕ್ಷರು' ಎಂದೋ ಎಂದು ಯೋಚಿಸಿದೆ. ಆ ಪದಗಳನ್ನು ಬೆರಳಲ್ಲಿ ತೊಡೆಯ ಮೇಲೆ ಕುಟ್ಟಿ ನೋಡುವಾಗ ಅದೇ ಬೆರಳು ಕುಟ್ಟಿದ್ದ ಇನ್ನೊಂದು ಸಾಲು ನೆನಪಾಯಿತು. ಪಾಠದ ಹಾಳೆಯಲ್ಲಿದ್ದ ಎಚ್ಚರಿಕೆಯ ಲಕ್ಷಣಗಳಲ್ಲಿ ಅದೂ ಒಂದು: 'ಇದ್ದಕ್ಕಿದ್ದಂತೆ ತನ್ನ ಜವಾಬ್ದಾರಿಗಳನ್ನು ಬೇರೆಯವರಿಗೆ ಒಪ್ಪಿಸುವುದು.' ಆ ಸಾಲಿನ ಒತ್ತುಗಳಿಗೆ ನಾನು ಅರ್ಧ ಮಧ್ಯಾಹ್ನ ಒದ್ದಾಡಿದ್ದೆ. ಅಕ್ಷರಗಳೇನೋ ಸರಿಯಾಗಿ ಬಿದ್ದಿದ್ದವು, ಅರ್ಥ ಮಾತ್ರ ಈಗ ತಲೆಗೆ ಹತ್ತುತ್ತಿತ್ತು.

ಯೋಚಿಸುತ್ತ ಹೋದೆ. ಭಾವ ನನ್ನನ್ನು ಆಡಿಕೊಂಡು ಎಷ್ಟು ದಿನವಾಯಿತು? ಸುಗ್ಗಿಯ ನಡುವೆಯೇ ನಿಂತಿತ್ತು. ನಾನು ಅದನ್ನು ನನಗೆ ಬಂದ ಮರ್ಯಾದೆ ಎಂದುಕೊಂಡಿದ್ದೆ.

"ಇಳೀತೀನಿ, ನಿಲ್ಸಿ!" ಎಂದು ಕೂಗಿದೆ. ಕಂಡಕ್ಟರ್, "ಇಲ್ಲಿ ಏನೈತಣ್ಣಾ, ಬರೀ ತೋಪು" ಎಂದ. ಅಲ್ಲೇ ಇಳಿದು, ಖಾಲಿ ಕ್ರೇಟು ತುಂಬಿಕೊಂಡು ಬರುತ್ತಿದ್ದ ಟೆಂಪೋಗೆ ಕೈ ಅಡ್ಡ ಹಾಕಿ ವಾಪಸ್ ಹೊರಟೆ.

ಮಂಡಿಯಲ್ಲಿ ಹರಾಜು ನಿಂತುಹೋಗಿತ್ತು. ಭಾವ ಒಬ್ಬರೇ ಗದ್ದಿಗೆಯ ಮೇಲೆ ಕೂತಿದ್ದರು.

"ಏನೋ, ಬಸ್ ಸಿಗ್ಲಿಲ್ವಾ?"

"ಊಟ ಆಯ್ತಾ ಭಾವ?"

"ಆಯ್ತು."

"ನೀರು ಕುಡಿದ್ರಾ?"

"ಯಾಕ್ಲಾ, ದನಾನಾ ನಾನು?"

ಪಕ್ಕದಲ್ಲಿ ಕೂತೆ. ನಾಲಿಗೆ ಕಚ್ಚಿಕೊಂಡೆ, ನಿಜವಾಗಿಯೂ ಕಚ್ಚಿಕೊಂಡೆ. ಆಮೇಲೆ ಕೇಳಿದೆ. "ಭಾವ, ನಿಮಗೆ ಸಾಯ್ಬೇಕು ಅನ್ನಿಸ್ತಾ ಇದೆಯಾ?"

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ರಸ್ತೆಯ ಕಡೆ ನೋಡುತ್ತ, "ಹೂಂ ಕಣೋ" ಎಂದರು.

ಮುಂದೇನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಚಿತ್ರಾನ್ನವನ್ನು ಮನಸ್ಸಿನಲ್ಲೇ ಶಪಿಸಿದೆ. ಬಾಯಿಗೆ ಬಂದದ್ದು ಒಂದೇ ಮಾತು. "ಹೇಳಿ ಭಾವ."

ಅವರು ಹೇಳಿದರು. ಸುಗ್ಗಿಯ ಗಲಾಟೆ ಇರುವಾಗ ಹೇಗೋ ಕಳೆಯುತ್ತದೆ, ಅದು ಮುಗಿದರೆ ಬೆಳಿಗ್ಗೆ ಏಳಲು ಕಾರಣವೇ ಕಾಣುವುದಿಲ್ಲ ಎಂದರು. "ಊರೋರ ಮಕ್ಕಳು ಉಳೀಲಿ ಅಂತ ವರ್ಷಾ ವರ್ಷಾ ಕೊಡ್ತೀನಿ. ನಮ್ಮೋನ್ನ ಈ ಮಾತು ಯಾರೂ ಕೇಳ್ಲಿಲ್ಲವಲ್ಲೋ. ನಾನೇ ಕೇಳ್ಲಿಲ್ಲ."

ಅವರ ಕೈ ಹಿಡಿದುಕೊಂಡು, ಅವರ ಎದುರಿಗೇ ಮೇಡಂಗೆ ಫೋನ್ ಮಾಡಿದೆ. ಮೇಡಂ ಭಾವನ ಜೊತೆಯೂ ಮಾತಾಡಿದರು. ಆಮೇಲೆ ನನಗೆ, "ಒಬ್ಬರನ್ನೇ ಬಿಡಬೇಡಿ. ಮನೆಯವರಿಗೆ ಹೇಳಿ. ಈಗಲೇ ಕೋಲಾರಕ್ಕೆ ಕರ್ಕೊಂಡ್ ಹೋಗಿ, ಆಸ್ಪತ್ರೇಲಿ ಡಾಕ್ಟರಿಗೆ ನಾನು ಹೇಳಿರ್ತೀನಿ" ಎಂದರು.

"ನಿಮ್ಮಕ್ಕಂಗೆ ಬೇಡ ಕಣೋ" ಎಂದರು ಭಾವ. "ಅವ್ಳಿಗೆ ಆಗಿರೋದೇ ಸಾಕು."

"ಹೇಳ್ತೀನಿ ಭಾವ" ಎಂದೆ. ಜೀವಮಾನದಲ್ಲಿ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಧ್ವನಿ ನಡುಗಿ ಮೇಕೆಮರಿ ಕೂಗಿದ ಹಾಗಿತ್ತು, ಆದರೂ ಹೇಳಿದೆ.

ಫೋನ್ ಮಾಡಿದ ಕೂಡಲೇ ಅಕ್ಕ ಉಟ್ಟ ಸೀರೆಯಲ್ಲೇ, ಬಾಗಿಲಿಗೆ ಬೀಗವನ್ನೂ ಹಾಕದೆ ಬಂದಳು. ಅಳಲಿಲ್ಲ, ಯಾಕೆ ಎಂದು ಕೇಳಲೂ ಇಲ್ಲ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಭಾವನನ್ನು ಒಳಗೆ ತಳ್ಳಿ ಒಂದು ಪಕ್ಕ ಕೂತಳು. ಮುಂದಿನ ಸೀಟು ಖಾಲಿ ಇದ್ದರೂ ನಾನು ಇನ್ನೊಂದು ಪಕ್ಕ ನುಗ್ಗಿದೆ. ಮೂರು ಜನರಿಗೂ ಅಲುಗಾಡಲು ಜಾಗವಿರಲಿಲ್ಲ.

"ನನ್ನೇನು ಪೊಲೀಸ್ನೋರು ಹಿಡ್ಕೊಂಡೋದಂಗೆ ಹೋಗ್ತೀರಲ್ಲ. ಸ್ವಲ್ಪ ಆ ಕಡೆ ಸರ್ಕೊಳ್ರಿ, ಉಸಿರಾಡೋಕಾಗ್ತಿಲ್ಲ" ಎಂದರು ಭಾವ.

"ಆಡ್ತಾ ಇದೀರಲ್ಲ, ಆಡಿ" ಎಂದಳು ಅಕ್ಕ. ಕೋಲಾರ ಬರುವವರೆಗೂ ಅವಳೂ ಸರಿಯಲಿಲ್ಲ, ನಾನೂ ಸರಿಯಲಿಲ್ಲ.