ಅಪ್ಪನ ಕಣ್ಣಿಗೆ ಮಂಕಾಗದ ನಕ್ಷತ್ರ

ಗ್ರಹಣದ ಹೊತ್ತಿನಲ್ಲಿ ಅಪ್ಪ ಊಟ ಮಾಡುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ತರುತ್ತಿದ್ದ ನಾನು ಪ್ರತಿ ಸಲವೂ ಎದುರಿಗೆ ಕೂತು ಪುರಾವೆ ಕೇಳುತ್ತಿದ್ದೆ. ಅವರು ಉತ್ತರ ಕೊಡುತ್ತಿರಲಿಲ್ಲ. ಅದನ್ನು ನಾನು ಗೆಲುವೆಂದುಕೊಳ್ಳುತ್ತಿದ್ದೆ.

ಕಳೆದ ಚಳಿಗಾಲ ನಾನೇ ಒಂದು ಗ್ರಹಣಕ್ಕೆ ಕಾದು ಕೂತೆ. ಸೂರ್ಯನದ್ದಲ್ಲ, ನಕ್ಷತ್ರದ್ದು. ಕಣ್ಣಿಗೆ ಒಂದೇ ಚುಕ್ಕೆ. ಇರುವುದು ಎರಡು, ಒಂದನ್ನೊಂದು ಸುತ್ತುತ್ತವೆ. ಸುಮಾರು ಮೂರು ದಿನಕ್ಕೊಮ್ಮೆ ಮಂಕಾದದ್ದು ಪ್ರಖರವಾದದ್ದರ ಮುಂದೆ ಬಂದಾಗ ಬೆಳಕು ಕೆಲವು ಗಂಟೆ ಕುಗ್ಗಿ ಮತ್ತೆ ಏರುತ್ತದೆ. ಬೈನಾಕ್ಯುಲರ್‌ನಲ್ಲಿ ಅಕ್ಕಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ, ಬೆಳಕು ಎಷ್ಟೆಂದು ಕಾಲುಗಂಟೆಗೊಮ್ಮೆ ಅಂಕಿ ಬರೆಯಬೇಕು. ಆ ದಿನ ತೀರಾ ಮಂಕಾಗುವ ಹೊತ್ತು ನಮ್ಮ ಹವ್ಯಾಸಿ ಬಳಗದ ಪಟ್ಟಿಯಲ್ಲಿ 20.30 ಎಂದಿತ್ತು. ರಾತ್ರಿ ಎಂಟೂವರೆ.

ಸಯನ್ ಬಡಾವಣೆಯ ನಮ್ಮ ಬಿಲ್ಡಿಂಗಿನ ಟೆರೇಸಿಗೆ ಏಳಕ್ಕೇ ಹೋದೆ. ಅಪ್ಪನಿಗೆ ಹೋಟೆಲಿನಲ್ಲಿ ರಜೆ, ಜೊತೆಗೆ ಬಂದರು. ಮೂವತ್ತು ವರ್ಷ ಕಾಫಿ ಕೌಂಟರಿನಲ್ಲಿ ನಿಂತು, ಬಣ್ಣ ನೋಡಿಯೇ ಡಿಕಾಕ್ಷನ್ನಿನ ಹದ ಹೇಳುವವರು. ತಮಾಷೆಗೆ ಅವರ ಅಂಕಿಗೂ ಒಂದು ಕಾಲಮ್ ಹಾಕಿದೆ.

"ನೋಡಿ ಪಪ್ಪಾ, ಎಂಟೂವರೆ. ಹೇಗೆ ಡಲ್ ಆಯ್ತು!"

"ಎಂತ ಡಲ್ಲು ಮಾರಾಯ್ತಿ? ಏಳು ಗಂಟೆಗೆ ಹೇಗಿತ್ತೋ ಹಾಗೇ ಉಂಟಲ್ಲ."

"ಸರಿಯಾಗಿ ನೋಡಿ."

"ಸರಿಯಾಗಿ ನೋಡಿಯೇ ಹೇಳುವುದು."

"ರಾಹು ಬಂದು ನುಂಗಿದ್ರೆ ಮಾತ್ರ ನಿಮಗೆ ಕಾಣೋದು, ಅಲ್ವಾ?"

ಅವರು ಬೈನಾಕ್ಯುಲರ್ ನನ್ನ ಕೈಗಿಟ್ಟು ನೀರಿನ ಟ್ಯಾಂಕಿನ ಪಕ್ಕ ಹೋಗಿ ಕೂತರು. ಆದರೂ ಕರೆದಾಗಲೆಲ್ಲ ಎದ್ದು ಬಂದು ನೋಡಿ ಅದೇ ಅಂಕಿ ಹೇಳಿದರು. ಹತ್ತಕ್ಕೆ ಮಾತ್ರ, "ಈಗ ಒಂಚೂರು ಕಮ್ಮಿಯೋ ಏನೋ" ಎಂದರು. ನಾನು ನಕ್ಕೆ. ನನ್ನ ಕಾಲಮಿನಲ್ಲಿ ಬೆಳಕು ಆಗಲೇ ಮರಳಿತ್ತು.

ಬಳಗಕ್ಕೆ ನನ್ನ ಅಂಕಿಗಳನ್ನಷ್ಟೇ ಕಳಿಸಿದೆ. ಅಲ್ಲಿಯ ಹಿರಿಯರೊಬ್ಬರು ಎರಡೇ ಸಾಲಿನ ಉತ್ತರ ಬರೆದರು: ಪಟ್ಟಿಯಲ್ಲಿರುವುದು ಗ್ರೀನಿಚ್ ಸಮಯ, ಐದೂವರೆ ಗಂಟೆ ಕೂಡಿಸಬೇಕಿತ್ತು. ನಕ್ಷತ್ರ ತೀರಾ ಮಂಕಾದದ್ದು ನಸುಕಿನ ಎರಡಕ್ಕೆ. ಎಂಟೂವರೆಗೆ ಅದಕ್ಕೆ ಏನೂ ಆಗಿರಲಿಲ್ಲ. ಗ್ರಹಣ ಮುಗಿಯಿತೆಂದು ನಾನು ಬರೆದಾಗ ಅದು ಶುರುವಾಗುತ್ತಿತ್ತು.

ನಾನು ಸುಳ್ಳು ಬರೆದಿರಲಿಲ್ಲ. ಮಂಕಾದದ್ದನ್ನು ನಿಜಕ್ಕೂ ಕಂಡಿದ್ದೆ. ಚುಚ್ಚುವುದು ಅದೇ.

ವಾರದ ಮೇಲೆ ಅಪ್ಪ ಕೇಳಿದರು, "ನಿನ್ನ ನಕ್ಷತ್ರದ್ದು ಎಂತ ಆಯ್ತು? ಪಾಸಾ?"

"ಮೋಡ ಇತ್ತು ಅಂತ ಕ್ಯಾನ್ಸಲ್ ಮಾಡಿದ್ರು."

"ಮೋಡವಾ? ಎಲ್ಲಿತ್ತು?"

ನಾನು ಉತ್ತರ ಕೊಡಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ. ಅಂಗಿ ತೊಟ್ಟು ಡ್ಯೂಟಿಗೆ ಹೊರಟರು.