ನಾನು ಓದದೇ ಹೋದ ಕಾಲೇಜು

ಕಡಲೆಕಾಯಿ ಬೇಯುವ ವಾಸನೆಯಲ್ಲಿ ಮಣ್ಣಿನ ವಾಸನೆಯೂ ಸೇರಿರುತ್ತದೆ. ಎಷ್ಟು ಸಲ ತೊಳೆದರೂ ಸಿಪ್ಪೆಯ ಗೆರೆಗಳಲ್ಲಿ ಉಳಿದ ಒಂದಿಷ್ಟು ಮಣ್ಣು ಉಪ್ಪುನೀರಿನಲ್ಲಿ ಬಿಟ್ಟುಕೊಂಡು, ಮನೆಯೆಲ್ಲ ಆಗಷ್ಟೇ ಅಗೆದ ಹೊಲದ ಹಾಗೆ ಘಮ್ಮೆನ್ನುತ್ತದೆ. ಮೊನ್ನೆ ಕ್ರಾಸ್‌ರೋಡ್ಸ್‌ನ ಅಂಗಡಿಯಲ್ಲಿ ಹಸಿ ಕಡಲೆಕಾಯಿ ಕಂಡು ಒಂದು ಚೀಲ ತಂದಿದ್ದೆ. ಸಿಯಾಟಲ್ ಹತ್ತಿರದ ಮಿಲ್ ಕ್ರೀಕ್‌ನ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದ್ದಾಗ ಮಗಳು ಮೆಟ್ಟಿಲಿಳಿದು ಬಂದು, "ಅಮ್ಮಾ, ಇಟ್ ಸ್ಮೆಲ್ಸ್ ಲೈಕ್ ಡರ್ಟ್" ಎಂದು ಕಿಟಕಿ ತೆರೆದಳು. "ಅದು ನಮ್ಮೂರಿನ ವಾಸನೆ ಕಣೇ" ಎಂದೆ. "ಮೈಸೂರ್?" ಎಂದು ಕೇಳಿದಳು. ನಾನು ಹೂಂಗುಟ್ಟಿದೆ. ಹೇಳಿದ್ದು ಸುಳ್ಳು. ಮೈಸೂರು ನನ್ನ ಅಪ್ಪನ ಊರು. ನನ್ನದು ಅಮೆರಿಕದ ದಕ್ಷಿಣದಲ್ಲಿ, ಹತ್ತಿ ಹೊಲಗಳ ನಡುವಿನ ಒಂದು ಸಣ್ಣ ಪಟ್ಟಣ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಪಟ್ಟಣದ ಅಂಚಿನಲ್ಲಿ ಕಪ್ಪು ಜನರಿಗೆಂದು ಸರ್ಕಾರ ಕಟ್ಟಿಸಿದ ಒಂದು ವಿಶ್ವವಿದ್ಯಾಲಯದ ಆವರಣ. ಅಲ್ಲಿದ್ದವರೆಲ್ಲ ಅದನ್ನು ಬರೀ 'ಕಾಲೇಜು' ಎನ್ನುತ್ತಿದ್ದರು. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಜೀವನವಿಡೀ ಅದರ ಹೆಸರು ಹೇಳದೆ ತಪ್ಪಿಸಿಕೊಂಡವಳು, ಈಗ ಹೇಳಿ ಯಾರಿಗೆ ಏನು ಮಾಡಿದಂತಾಯಿತು?

ಅಪ್ಪ, ನಂಜುಂಡಯ್ಯ, ಗಣಿತದಲ್ಲಿ ಡಾಕ್ಟರೇಟ್ ಮುಗಿಸಿ ಉತ್ತರದ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಿಗೆಲ್ಲ ಅರ್ಜಿ ಹಾಕಿದ್ದರಂತೆ. ಕೆಲವರು ಉತ್ತರ ಬರೆಯಲಿಲ್ಲ, ಕೆಲವರು ಅವರ ಇಂಗ್ಲಿಷ್ ಉಚ್ಚಾರಣೆ ವಿದ್ಯಾರ್ಥಿಗಳಿಗೆ ತೊಡಕಾಗಬಹುದು ಎಂದು ಬರೆದರು. ಬಂದು ಕಲಿಸಿ ಎಂದು ಕರೆದದ್ದು ಈ ಕಾಲೇಜು ಮಾತ್ರ. ಆವರಣದೊಳಗೆ ಅಧ್ಯಾಪಕರಿಗೆಂದು ಸಾಲಾಗಿ ಕಟ್ಟಿದ್ದ ಇಟ್ಟಿಗೆ ಮನೆಗಳಲ್ಲಿ ಕೊನೆಯದು ನಮಗೆ ಸಿಕ್ಕಿತು. ನಾವು ಪೆಟ್ಟಿಗೆಗಳ ಮೇಲೆ ಕೂತಿದ್ದ ಮೊದಲ ದಿನವೇ ಪಕ್ಕದ ಮನೆಯಿಂದ ಒಬ್ಬ ಎತ್ತರದ ಹೆಂಗಸು ಮುಚ್ಚಳ ಮುಚ್ಚಿದ ಪಾತ್ರೆ ಹಿಡಿದು ಬಂದರು. ಒಳಗೆ ಬೇಯಿಸಿದ ಕಡಲೆಕಾಯಿ, ಇನ್ನೂ ಬಿಸಿಯಿತ್ತು. ಅಮ್ಮ ಮುಚ್ಚಳ ತೆಗೆದವಳು ಹಾಗೇ ನಿಂತು ಅಳತೊಡಗಿದಳು. ಪಾಪ, ಬಂದಾಕೆಗೆ ಗಾಬರಿ. "ನಿಮ್ಮ ಕಡೆ ಇದನ್ನ ತಿನ್ನಬಾರದಾ?" ಎಂದು ಅಪ್ಪನನ್ನು ಕೇಳಿದರು. "ಇದೇ ತಿನ್ನೋದು" ಎಂದರು ಅಪ್ಪ. ಆಕೆಯೇ ಮಿಸ್ ಲೂಯೆಲ್ಲಾ, ಇತಿಹಾಸದ ಪ್ರಾಧ್ಯಾಪಕಿ. ನನಗಾಗ ನಾಲ್ಕು ವರ್ಷ. ಅವರ ಇಂಗ್ಲಿಷ್ ನಿಧಾನವಾಗಿ, ಪ್ರತಿ ಪದವನ್ನೂ ಬಾಯಲ್ಲಿ ಒಂದಿಷ್ಟು ಹೊತ್ತು ಇಟ್ಟುಕೊಂಡು ಬಿಡುವಂಥದ್ದು. ಈಗ ನೆನಪಾಗುವಾಗ ಅವರ ಮಾತು ಯಾಕೋ ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

ಮಿಸ್ ಲೂಯೆಲ್ಲಾ ಸಂಜೆ ನಡೆಯಲು ಹೊರಟರೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಕಾಲೇಜಿನ ಕಥೆಯನ್ನು ಅವರು ಪಾಠದ ಹಾಗೆ ಹೇಳಿದ್ದೇ ಇಲ್ಲ. ಒಂದೊಂದು ಕಟ್ಟಡದ ಮುಂದೆ ನಿಂತು, ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ಗುಲಾಮಗಿರಿ ಮುಗಿದ ಮೇಲೆ ಕಪ್ಪು ಮಕ್ಕಳು ಬಿಳಿಯರ ವಿಶ್ವವಿದ್ಯಾಲಯದ ಬಾಗಿಲು ತಟ್ಟದಿರಲಿ ಎಂದೇ ಸರ್ಕಾರ ಇಲ್ಲಿ ಒಂದು ಬಯಲು ತೋರಿಸಿ, ಇದೇ ನಿಮ್ಮ ಕಾಲೇಜು ಎಂದಿತಂತೆ. ಕಟ್ಟಡವಿಲ್ಲ, ಪುಸ್ತಕವಿಲ್ಲ. ಮೊದಲ ವಿದ್ಯಾರ್ಥಿಗಳು ಬೆಳಿಗ್ಗೆ ಹಳ್ಳದ ಜೇಡಿಮಣ್ಣು ತುಳಿದು ಇಟ್ಟಿಗೆ ಹಾಕಿ, ಮಧ್ಯಾಹ್ನ ಮರದ ಕೆಳಗೆ ಕೂತು ಓದಿದರಂತೆ. ಹಳೆಯ ಮುಖ್ಯ ಕಟ್ಟಡದ ಹಿಂಬದಿಯ ಗೋಡೆಯಲ್ಲಿ, ಒಣಗುವ ಮುಂಚೆ ಯಾರೋ ಎತ್ತಿ ಹಿಡಿದ ನಾಲ್ಕು ಬೆರಳಿನ ಗುರುತು ಉಳಿದಿದ್ದ ಇಟ್ಟಿಗೆಯೊಂದಿತ್ತು. "ಇಡು ನಿನ್ನ ಬೆರಳು" ಎನ್ನುತ್ತಿದ್ದರು. ನಾನು ಇಡುತ್ತಿದ್ದೆ. ಇಟ್ಟಿಗೆ ಬಿಸಿಲಿಗೆ ಕಾದು ಮೈಯಂತೆ ಬೆಚ್ಚಗಿರುತ್ತಿತ್ತು. "ಸರ್ಕಾರ ನಮಗೆ ಹೊಲದ ಕೆಲಸ, ಬಟ್ಟೆ ಹೊಲಿಯೋದು ಮಾತ್ರ ಕಲಿಸಿ ಅಂದಿತ್ತು. ಇನ್‌ಸ್ಪೆಕ್ಟರ್ ಬಂದಾಗ ಮೇಷ್ಟ್ರು ಲ್ಯಾಟಿನ್ ಪುಸ್ತಕಗಳನ್ನ ಹೊಲಿಗೆ ಮೆಷಿನ್ನಿನ ಕೆಳಗೆ ಬಚ್ಚಿಡ್ತಿದ್ರು" ಎಂದು ಹೇಳಿ, ತಾವೇ ಬಚ್ಚಿಟ್ಟಿದ್ದವರ ಹಾಗೆ ನಗುತ್ತಿದ್ದರು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಅವರದೊಂದು ಕೋಣೆಯಿತ್ತು. ಮೊದಲ ವರ್ಷಗಳ ಹಾಜರಿ ಪುಸ್ತಕಗಳು, ಅಕ್ಷರ ಕಲಿತ ಮಗ ಅಕ್ಷರ ಬಾರದ ತಾಯಿಗೆ ಬರೆದ ಕಾಗದಗಳು, ಪದವಿ ದಿನದ ಫೋಟೋಗಳು, ಎಲ್ಲ ಅಲ್ಲಿ. ಒದ್ದೆ ಗೋಡೆಯ ವಾಸನೆ ಹೊಡೆಯುತ್ತಿದ್ದ ಆ ಕೋಣೆ ಬಿಟ್ಟು ಒಣಗಿದ ಕೋಣೆಯೊಂದನ್ನು ಕೊಡಿ ಎಂದು ಅವರು ನಾನು ಕಂಡಷ್ಟು ಕಾಲವೂ ಕೇಳುತ್ತಲೇ ಇದ್ದರು.

ಅಪ್ಪನ ತರಗತಿಯಲ್ಲಿ ಹಿಂದಿನ ಬೆಂಚು ನನ್ನದು. ಶಾಲೆ ಮುಗಿಸಿ ಬಂದವಳು ಅಲ್ಲಿ ಕೂತು ಚಿತ್ರ ಬಿಡಿಸುತ್ತಿದ್ದೆ. ಅಪ್ಪ ಬೋರ್ಡಿನ ಮೇಲೆ ಒಂದೊಂದು ಹೆಜ್ಜೆ ಬರೆದ ಮೇಲೂ ತಿರುಗಿ, ತಮಗೇ ಗೊತ್ತಿಲ್ಲದೆ ಕನ್ನಡದಲ್ಲಿ "ಆಯ್ತಾ?" ಎನ್ನುತ್ತಿದ್ದರು. ಅದು ಇಂಗ್ಲಿಷ್ ಅಲ್ಲವೆಂದು ವಿದ್ಯಾರ್ಥಿಗಳಿಗೆ ತಿಳಿಯುವ ಹೊತ್ತಿಗೆ ಅವರಿಗೂ ಅದು ರೂಢಿಯಾಗಿತ್ತು. ಇಡೀ ತರಗತಿ ಒಟ್ಟಿಗೆ "ಆಯ್ತಾ, ಡಾಕ್ಟರ್ ನಂಜ್!" ಎಂದು ಕೂಗುತ್ತಿತ್ತು. ಉಚ್ಚಾರಣೆ ತೊಡಕಾಗುತ್ತದೆ ಎಂದು ಬೇರೆಯವರು ಬೇಡವೆಂದ ಮನುಷ್ಯನ ಮಾತನ್ನೇ ಆ ಮಕ್ಕಳು ಎತ್ತಿಕೊಂಡಿದ್ದರು. ಅವರಲ್ಲಿ ಹೆಚ್ಚಿನವರು ತಮ್ಮ ಮನೆಯಿಂದ ಕಾಲೇಜಿಗೆ ಕಾಲಿಟ್ಟ ಮೊದಲಿಗರು. ಪದವಿ ದಿನ ದೂರದ ಹಳ್ಳಿಗಳಿಂದ ಅಜ್ಜಿಯರು ಗರಿ ಸಿಕ್ಕಿಸಿದ ಟೋಪಿ ಹಾಕಿಕೊಂಡು ಬರುತ್ತಿದ್ದರು. ಮೊಮ್ಮಕ್ಕಳ ಹೆಸರು ಕರೆದಾಗ ಚಪ್ಪಾಳೆ ತಟ್ಟುತ್ತಿರಲಿಲ್ಲ, ಎದ್ದು ನಿಂತು ಕೂಗುತ್ತಿದ್ದರು. ಅಮ್ಮ ಮೈಸೂರು ಸಿಲ್ಕ್ ಸೀರೆ ಉಟ್ಟು ಅವರ ನಡುವೆ ಕೂತಿರುತ್ತಿದ್ದಳು.

ಆದರೆ ಅದೇ ಅಮ್ಮ, ಎರಡು ಗಂಟೆ ದೂರದ ದೊಡ್ಡ ನಗರದಲ್ಲಿ ಕನ್ನಡದವರು ಸೇರಿದಾಗ, ಅಪ್ಪ ಎಲ್ಲಿ ಕಲಿಸುತ್ತಾರೆಂದು ಯಾರಾದರೂ ಕೇಳಿದರೆ "ಸ್ಟೇಟ್ ಯೂನಿವರ್ಸಿಟೀಲಿ" ಎಂದು ಮಾತು ಬದಲಿಸುತ್ತಿದ್ದಳು. ಒಮ್ಮೆ ಒಬ್ಬರು ಬಿಡದೆ ಹೆಸರು ಕೇಳಿ ತಿಳಿದು, "ಅಯ್ಯೋ, ಅದು ಕರಿಯರ ಕಾಲೇಜಲ್ವಾ? ಮಗಳನ್ನ ಇಟ್ಕೊಂಡು ಹೇಗಿದೀರಾ ಅಲ್ಲಿ?" ಎಂದಿದ್ದರು. ನನಗಾಗ ಹನ್ನೆರಡು. ನಾನು ಏನಾದರೂ ಹೇಳಬಹುದಿತ್ತು. ತಟ್ಟೆಯಲ್ಲಿದ್ದ ಬಿಸಿಬೇಳೆಬಾತ್ ನೋಡುತ್ತಾ ಕೂತೆ. ಅಲ್ಲಿಂದ ಕಲಿತ ನಾಚಿಕೆ ನನ್ನೊಳಗೆ ನನಗಿಂತ ಬೇಗ ಬೆಳೆಯಿತು.

ನನಗೆ ಹದಿನೇಳಾದಾಗ ಅಪ್ಪ ಕಾಲೇಜಿನ ಅರ್ಜಿಯನ್ನು ತಂದು ಊಟದ ಮೇಜಿನ ಮೇಲಿಟ್ಟರು. "ಎರಡು ವರ್ಷ ಇಲ್ಲೇ ಓದು. ಗಣಿತ ನಾನೇ ಹೇಳ್ಕೊಡ್ತೀನಿ. ಆಮೇಲೆ ಎಂಜಿನಿಯರಿಂಗಿಗೆ ಎಲ್ಲಿಗೆ ಬೇಕಾದ್ರೂ ಹೋಗು" ಎಂದರು. ಅಮ್ಮ, "ರೀ, ಅವಳ ಮುಂದಿನದನ್ನೂ ಸ್ವಲ್ಪ ಯೋಚಿಸಿ" ಎಂದಳು. ನಾನಂತೂ ನೇರವಾಗಿ ಕೇಳಿಬಿಟ್ಟೆ: "ಅಲ್ಲಿ ಓದಿದ್ರೆ ನಂಗೆ ಯಾರಪ್ಪಾ ಕೆಲಸ ಕೊಡ್ತಾರೆ?" ಅಪ್ಪ ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಳ್ಳುತ್ತಾ, "ನನಗೆ ಕೊಟ್ಟವರು ಅವರೇ ಅಲ್ವೇನಮ್ಮ" ಎಂದರು. ಅಷ್ಟೇ. ಆ ವಿಷಯ ಮತ್ತೆ ಎತ್ತಲಿಲ್ಲ. ಹತ್ತಿರದಲ್ಲೇ ಇದ್ದ, ಒಂದು ಕಾಲಕ್ಕೆ ಕಪ್ಪು ಮಕ್ಕಳನ್ನು ಒಳಗೇ ಬಿಡದಿದ್ದ ದೊಡ್ಡ ವಿಶ್ವವಿದ್ಯಾಲಯಕ್ಕೆ ನಾನು ಸೇರಿದೆ. ಹೊರಡುವ ದಿನ ಮಿಸ್ ಲೂಯೆಲ್ಲಾ ನನಗೊಂದು ಸೂಟ್‌ಕೇಸ್ ತಂದುಕೊಟ್ಟು, ತಲೆ ಸವರಿ, ಎಲ್ಲಿಗೆ ಯಾಕೆ ಎಂದು ಒಂದು ಮಾತೂ ಕೇಳದೆ ಹೋದರು.

ನಾನು ಸೇರಿದ ವಿಶ್ವವಿದ್ಯಾಲಯಕ್ಕೆ ವರ್ಷವರ್ಷವೂ ಗಾಜಿನ ಹೊಸ ಕಟ್ಟಡಗಳು ಬರುತ್ತಿದ್ದವು. ಅಪ್ಪನ ಕಾಲೇಜಿನಲ್ಲಿ ಮಳೆ ಬಂದರೆ ಗಣಿತ ವಿಭಾಗದೊಳಗೆ ಬಕೆಟ್ ಇಡುತ್ತಿದ್ದರು. ಅಲ್ಲಿ ಕಲಿಸುತ್ತಿದ್ದ ವಿಷಯಗಳನ್ನೇ ನಮ್ಮ ವಿಶ್ವವಿದ್ಯಾಲಯದಲ್ಲೂ ತೆರೆದರು. ಹುಡುಗರು ಇತ್ತ ಬಂದರು. ಆಮೇಲೆ, ಅಲ್ಲಿ ಹುಡುಗರೇ ಇಲ್ಲವಲ್ಲ ಎಂದು ಸರ್ಕಾರ ಸಮಿತಿಯೊಂದನ್ನು ಕೂರಿಸಿತು. ಅಲ್ಲಿನ ಗಣಿತದ ಪದವಿಯನ್ನು ಮುಚ್ಚಬೇಕೋ ಬೇಡವೋ ಎಂದು ತೀರ್ಮಾನಿಸಲು ರಾಜ್ಯದ ರಾಜಧಾನಿಯಲ್ಲಿ ಸಭೆ. ಫೋನಿನಲ್ಲಿ ಅಪ್ಪನ ದನಿ ಇಳಿದುಹೋಗಿದ್ದು ಕೇಳಿ ನಾನೂ ಹೋದೆ. ಅಪ್ಪ, ಮಿಸ್ ಲೂಯೆಲ್ಲಾ, ಮೂವರು ವಿದ್ಯಾರ್ಥಿಗಳು ಮುಂದಿನ ಸಾಲಿನಲ್ಲಿದ್ದರು. ನಾನು ಹಿಂದೆ ಕೂತೆ.

ಅಪ್ಪ ಚೆನ್ನಾಗಿ ಮಾತಾಡಿದರು. ತಮ್ಮಲ್ಲಿ ಓದಿ ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಿದ್ದವರ ಹೆಸರುಗಳನ್ನು ಕಾಗದ ನೋಡದೆ ಹೇಳುತ್ತಾ ಹೋದರು. ಸಮಿತಿಯ ಸದಸ್ಯರೊಬ್ಬರು, ತುಂಬ ಸಭ್ಯವಾಗಿಯೇ, ಕೇಳಿದರು.

"ಪ್ರೊಫೆಸರ್, ನಿಮಗೆ ಮಕ್ಕಳಿದ್ದಾರಾ?"

"ಒಬ್ಬಳು ಮಗಳು."

"ಏನು ಓದ್ತಿದ್ದಾಳೆ?"

"ಎಂಜಿನಿಯರಿಂಗ್. ಮೊದಲೆರಡು ವರ್ಷ ಬಹುಪಾಲು ಗಣಿತವೇ."

"ನಿಮ್ಮ ಹತ್ತಿರವೇ ಕಲಿತಳಾ?"

ಅಪ್ಪ ಮೈಕನ್ನು ಸ್ವಲ್ಪ ಸರಿಸಿದರು. ಅದು ಸರಿಯಾಗೇ ಇತ್ತು. "ಇಲ್ಲ" ಎಂದರು. ಎಲ್ಲಿ ಎಂದು ಆತ ಮತ್ತೆ ಕೇಳಿದಾಗ, ನಾನು ಓದುತ್ತಿದ್ದ ವಿಶ್ವವಿದ್ಯಾಲಯದ ಹೆಸರನ್ನು ಮೆಲ್ಲಗೆ, ಸ್ಪಷ್ಟವಾಗಿ ಹೇಳಿದರು. ಸದಸ್ಯರು "ಥ್ಯಾಂಕ್ಯೂ" ಎಂದು ಏನೋ ಗುರುತು ಹಾಕಿಕೊಂಡರು. ಮುಂದೆ ಯಾರೂ ಏನನ್ನೂ ಕೇಳಲಿಲ್ಲ. ಅಪ್ಪ ಹಿಂದಿರುಗಿ ನನ್ನತ್ತ ನೋಡಲಿಲ್ಲ. ನೋಡಬಾರದೆಂದು ಅವರು ಪಟ್ಟ ಪ್ರಯತ್ನ ನನಗೆ ಅವರ ಬೆನ್ನಿನಲ್ಲೇ ಕಾಣಿಸಿತು.

ಕಾರಿನಲ್ಲಿ ವಾಪಸು ಬರುವಾಗ ನಾನು ಬಿಕ್ಕುತ್ತಿದ್ದೆ. ಪಕ್ಕದಲ್ಲಿದ್ದ ಮಿಸ್ ಲೂಯೆಲ್ಲಾ ನನ್ನ ಮಂಡಿಯ ಮೇಲೆ ಕೈಯಿಟ್ಟು, "ಅಳಬೇಡ ಮಗು. ಇದಿಲ್ಲದಿದ್ರೆ ಇನ್ನೊಂದು ಪ್ರಶ್ನೆ ಹುಡುಕ್ಕೊಂಡಿರೋರು" ಎಂದರು. ಅದು ನಿಜವೇ ಇರಬೇಕು. ಆದರೆ ಅವರಿಗೆ ಹುಡುಕುವ ಶ್ರಮವನ್ನು ತಪ್ಪಿಸಿಕೊಟ್ಟವಳು ನಾನು. ಅಪ್ಪ ಮುಂದೆ ಕೂತು ದಾರಿ ನೋಡುತ್ತಾ ಕಾರು ಓಡಿಸುತ್ತಿದ್ದರು. ಅವರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೋ ಏನೋ.

ಪದವಿ ಮುಚ್ಚಿತು. ಅಪ್ಪ ಇನ್ನೆರಡು ವರ್ಷ ಬೇರೆ ವಿಭಾಗದ ಹುಡುಗರಿಗೆ ಬರೀ ಶೇಕಡಾವಾರು, ಭಿನ್ನರಾಶಿ ಕಲಿಸಿ ನಿವೃತ್ತರಾದರು. ನಿವೃತ್ತರಾದ ಮರು ವರ್ಷದ ಚಳಿಗಾಲದಲ್ಲಿ ಗ್ರಂಥಾಲಯದ ನೆಲಮಾಳಿಗೆಯ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯಿತು. ಒಂದು ವಾರ ರಜೆಯಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಸುದ್ದಿ ಕೇಳಿ ಅಪ್ಪನನ್ನು ನೋಡಲು ನಾನು ಹೋದಾಗ, ಬಿಸಿಲು ಬಿದ್ದ ಹುಲ್ಲಿನ ಮೇಲೆ ಆ ಕೋಣೆಯ ನೆನೆದ ಹಾಳೆಗಳನ್ನು ಸಾಲುಸಾಲಾಗಿ ಹರಡಿದ್ದರು, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಇಟ್ಟಿಗೆಯ ಚೂರು. ಆ ಸಾಲುಗಳ ನಡುವೆ ಮಿಸ್ ಲೂಯೆಲ್ಲಾ ಬಗ್ಗಿಕೊಂಡು ನಡೆಯುತ್ತಿದ್ದರು. ಜೇಡಿಮಣ್ಣು ತುಳಿದವರ ಹೆಸರುಗಳು ಅಲ್ಲಿ ನೀಲಿ ಕಲೆಗಳಾಗಿದ್ದವು. ಒಂದು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, "ಇವನ ಹೆಸರು ನನಗೆ ಗೊತ್ತಿತ್ತು. ಬಾಯಿಗೆ ಬರ್ತಿಲ್ಲ ನೋಡು" ಎಂದರು. ಅವರು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಅಪ್ಪ ಹೋದರು, ಅಮ್ಮ ಹೋದಳು. ನಾವಿದ್ದ ಮನೆಗಳ ಸಾಲನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದರು. ಹೋದ ವರ್ಷ ಮಿಸ್ ಲೂಯೆಲ್ಲಾ ತೀರಿಕೊಂಡ ಸುದ್ದಿ ಬಂದಾಗ ಕೆಲಸದಲ್ಲಿ ಬಿಡುವಿಲ್ಲವೆಂದು ನನಗೆ ನಾನೇ ಹೇಳಿಕೊಂಡು, ಹೂವು ಕಳಿಸಿ ಸುಮ್ಮನಾದೆ.

ನಾನು ಕೆಲಸ ಮಾಡುವುದು ನಮ್ಮ ಮನೆಗೆ ಹತ್ತಿರದ ಎವರೆಟ್‌ನಲ್ಲಿ, ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ. ಈ ವಸಂತದಲ್ಲಿ ಒಂದು ಮೀಟಿಂಗ್ ಮುಗಿದ ಮೇಲೆ ಮಾರ್ಕಸ್ ಎಂಬ ಹಿರಿಯ ಎಂಜಿನಿಯರ್ ನನ್ನ ಬ್ಯಾಡ್ಜಿನಲ್ಲಿ ನನ್ನ ಹೆಸರಿನ ಜೊತೆಗಿದ್ದ ಅಪ್ಪನ ಹೆಸರು ಓದಿ, "ನೀವು ಡಾಕ್ಟರ್ ನಂಜ್ ಮಗಳಾ?" ಎಂದರು. ಅಪ್ಪನ ವಿದ್ಯಾರ್ಥಿ. ನನ್ನ ಮೇಲಿನವರಿಗೂ ಮೇಲಿನವರು. ಅಲ್ಲಿ ಓದಿದರೆ ಯಾರು ಕೆಲಸ ಕೊಡ್ತಾರೆ ಎಂದಿದ್ದ ನಾನು ಅವರ ಮುಂದೆ ಕಾಫಿ ಲೋಟ ಹಿಡಿದು ನಿಂತಿದ್ದೆ. "ನನಗೆ ವಾರಕ್ಕೆ ಮೂರು ದಿನ ಬೇರೆಯಾಗಿ ಕೂರಿಸಿಕೊಂಡು ಹೇಳಿಕೊಟ್ಟರು. ನಿಮ್ಮ ವಿಷಯ ಎಷ್ಟು ಹೇಳೋರು ಅಂತೀರಿ! ಹಿಂದಿನ ಬೆಂಚಲ್ಲಿ ಕೂರ್ತಿದ್ದ ಹುಡುಗಿ ಅಲ್ವಾ?" ಎಂದು ನಕ್ಕು, ಸಿಯಾಟಲ್‌ನಲ್ಲಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಸೇರುವ ಕಡೆಗೆ ನನ್ನನ್ನೂ ಕರೆದರು.

ಹೋದೆ. ಒಂದು ಚರ್ಚಿನ ಊಟದ ಹಾಲ್. ಮೂವತ್ತು ನಲವತ್ತು ಜನ, ತಲೆ ನೆರೆತವರೇ ಹೆಚ್ಚು. ಎಲ್ಲರ ಮೈಮೇಲೂ ಕಾಲೇಜಿನ ಗುರುತಿನ ಬಣ್ಣದ ಬಟ್ಟೆ. ಊಟಕ್ಕೆ ಮುಂಚೆ ಅವರಲ್ಲೊಂದು ಪದ್ಧತಿ: ಒಬ್ಬರು ಎದ್ದು ಪದವಿಯ ವರ್ಷಗಳನ್ನು ಒಂದೊಂದಾಗಿ ಕರೆಯುತ್ತಾರೆ, ಆ ವರ್ಷದವರು ಎದ್ದು ನಿಲ್ಲುತ್ತಾರೆ. ಮೊದಲು ತೊಂಬತ್ತು ದಾಟಿದ ಅಜ್ಜಿಯೊಬ್ಬರು ಇಬ್ಬರ ಕೈ ಹಿಡಿದು ಎದ್ದರು. ಎಲ್ಲರೂ ಕೂಗಿದರು. ಆಮೇಲೆ ಇಬ್ಬರು, ಆಮೇಲೆ ನಾಲ್ವರು. ಮಾರ್ಕಸ್ ಎದ್ದರು. ಕರೆಯುತ್ತಾ ಕರೆಯುತ್ತಾ, ನಾನು ಅಲ್ಲಿ ಓದಿದ್ದರೆ ನನ್ನದಾಗುತ್ತಿದ್ದ ವರ್ಷ ಬಂತು. ಆ ವರ್ಷದವರು ಯಾರೂ ಬಂದಿರಲಿಲ್ಲ. ಕರೆಯುವವರು ಒಂದು ಕ್ಷಣ ತಡೆದು, ಕನ್ನಡಕದ ಮೇಲಿಂದ ಹಾಲ್ ನೋಡಿ, ಇನ್ನೊಮ್ಮೆ ಕರೆದರು. ನಾನು ಮಡಿಲಲ್ಲಿ ಕೈಯಿಟ್ಟುಕೊಂಡು ಕೂತೇ ಇದ್ದೆ. ಅವರು ಮುಂದಿನ ವರ್ಷಕ್ಕೆ ಹೋದರು.